ಯಂತ್ರದ ದನಿಯೆಂದು ಮೊದಲೇ ತಿಳಿಸಲಿ

ಮಾನ್ಯ ಸಂಪಾದಕರೇ,

ಬೆಳೆಸಾಲ, ವಿಮೆಯ ವಿಚಾರಕ್ಕೆ ಕರೆ ಮಾಡುವ ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರರಿಗೆ, ಅತ್ತ ಕಡೆಯಿಂದ ಕನ್ನಡದಲ್ಲಿ ಉತ್ತರಿಸುತ್ತಿರುವುದು ಮನುಷ್ಯರೋ ಕೃತಕ ಬುದ್ಧಿಮತ್ತೆಯೋ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸುವಂತೆ ರಾಜ್ಯ ಸರ್ಕಾರ ಕಡ್ಡಾಯಗೊಳಿಸಬೇಕು. ಅಮೆರಿಕದ ಯೂಟಾ ರಾಜ್ಯ 2024ರಲ್ಲೇ ಇಂತಹ ಕಾಯ್ದೆ ತಂದಿತಾದರೂ, ಅದರ ಮೂಲ ರೂಪದಲ್ಲಿ ಸಾಮಾನ್ಯ ವ್ಯವಹಾರಗಳಲ್ಲಿ ಗ್ರಾಹಕರು ಕೇಳಿದರಷ್ಟೇ ಹೇಳಬೇಕಿತ್ತು. ಪರವಾನಗಿ ಬೇಕಾದ ವೈದ್ಯಕೀಯದಂತಹ ವೃತ್ತಿಗಳಲ್ಲಿ ಮಾತ್ರ ತಾವಾಗಿಯೇ ತಿಳಿಸಬೇಕಿತ್ತು. ನಮ್ಮಲ್ಲಿ ಅಷ್ಟು ಸಾಲದು. ಅನುಮಾನವೇ ಬಾರದ ಹಿರಿಯರು ಕೇಳುವುದಾದರೂ ಹೇಗೆ? ಸೇವೆಯ ಗುಣಮಟ್ಟದ ಬಗ್ಗೆ ತಿಳಿಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈಗಾಗಲೇ ಕೊಟ್ಟಿದೆ. ಗ್ರಾಹಕರಿಗೆ ಮೋಸವಾದಾಗ ಯಂತ್ರದ ಮೇಲೆ ಹೊಣೆ ಹೊರಿಸಿ ಸಂಸ್ಥೆ ನುಣುಚಿಕೊಳ್ಳುವಂತಿಲ್ಲ ಎಂಬ ಯೂಟಾದ ನಿಯಮವಂತೂ ಇಲ್ಲಿಗೆ ತುರ್ತಾಗಿ ಬೇಕು.

– ಓದುಗ, ಕಲಬುರಗಿ