ಭಾನುವಾರ ಚಿಕ್ಕನಾಯಕನಹಳ್ಳಿ ಹೊಲಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಮೆಟಲ್ ಡಿಟೆಕ್ಟರ್ (ಲೋಹ ಹುಡುಕುವ ಯಂತ್ರ) ಹಿಡಿದು ಹುಡುಕೋಕೆ ಹೊಲದ ಯಜಮಾನರು ಒಪ್ಪಿದ್ದಾರೆ, ಬೆಳಿಗ್ಗೆ 7ಕ್ಕೆ ಸೇರೋಣ.

ಅಲ್ಲಿನದು ಕಬ್ಬಿಣದ ಅದಿರಿನ ಕೆಂಪು ಮಣ್ಣು. ಡಿಟೆಕ್ಟರ್ ಆನ್ ಮಾಡಿದ ಕೂಡಲೇ ಎಲ್ಲೆಲ್ಲೂ ಕೂಗುತ್ತದೆ, ಗಾಬರಿ ಬೇಡ. ಲೋಹವಿಲ್ಲದ ಜಾಗ ನೋಡಿ ಕಾಯಿಲನ್ನು (ಯಂತ್ರದ ತುದಿಯ ತಟ್ಟೆ) ನೆಲದ ಹತ್ತಿರ ಮೇಲೆ ಕೆಳಗೆ ಆಡಿಸುತ್ತಾ, ಸದ್ದು ಒಂದೇ ಸಮ ಆಗುವವರೆಗೆ ಗ್ರೌಂಡ್ ಬ್ಯಾಲೆನ್ಸ್ (ಬರೀ ಮಣ್ಣಿಗೆ ಕೂಗದಂತೆ ಯಂತ್ರ ಹೊಂದಿಸುವುದು) ಮಾಡಿ. ಹತ್ತು ಹೆಜ್ಜೆಗೆ ಮಣ್ಣಿನ ಬಣ್ಣ ಬದಲಾದರೆ ಮತ್ತೆ ಮಾಡಿ. ಸೆನ್ಸಿಟಿವಿಟಿ (ಯಂತ್ರದ ಸೂಕ್ಷ್ಮತೆ) ಜಾಸ್ತಿ ಇಟ್ಟರೆ ಆಳ ಸಿಗುತ್ತದೆ ಅಂತ ಅನ್ನಿಸುತ್ತೆ, ಅಲ್ವಾ? ಇಂಥ ಮಣ್ಣಲ್ಲಿ ಬರೀ ಗದ್ದಲ. ಇಳಿಸಿ. ಚಿಕ್ಕ ಕಾಯಿಲ್ ಇದ್ದರೆ ಅದನ್ನೇ ತನ್ನಿ.

ಹೋದ ಸಲ ಸದ್ದು ಬಂದ ಒಂದು ಜಾಗದ ಮೇಲೆ ಕಾಯಿಲ್ ಎರಡೂ ದಿಕ್ಕಿನಿಂದ ನಿಧಾನ ಆಡಿಸಿದೆ, ಸದ್ದು ಬದಲಾಗಲಿಲ್ಲ. ಗೇಣುದ್ದ ಅಗೆದಾಗ ಸಿಕ್ಕಿದ್ದು ಎತ್ತಿನ ಲಾಳ, ಎರಡು ಮೊಳೆ ಇನ್ನೂ ಅಂಟಿಕೊಂಡಿದ್ದವು. ನನಗೆ ಅದೇ ದೊಡ್ಡ ಖುಷಿ. ಒಂದೇ ದಿಕ್ಕಿಗೆ ಕೂಗಿದರೆ ಬಹುತೇಕ ಅದಿರಿನ ಕಲ್ಲು, ಆಯಸ್ಕಾಂತ ಹಿಡಿದು ನೋಡಿ.

ನಾಣ್ಯ ಸಿಕ್ಕರೆ ಉಜ್ಜಬೇಡಿ, ಜಾಗದ ಫೋಟೋ ತೆಗೆಯಿರಿ. ನಿಧಿ ಅನ್ನಿಸಿದ್ದೆಲ್ಲ ಜಿಲ್ಲಾಧಿಕಾರಿ ಕಚೇರಿಗೆ ಬರೆದು ತಿಳಿಸಲೇಬೇಕು. ಸಂರಕ್ಷಿತ ಕೋಟೆ, ಗುಡಿಗಳ ಹತ್ತಿರ ಯಂತ್ರ ತೆಗೆಯಲೇಬೇಡಿ. ಅಗೆದ ಗುಂಡಿ ಮುಚ್ಚಿ ಬನ್ನಿ, ರಾಗಿ ಬಿತ್ತೋ ಹೊಲ ಅದು.