52 ದಿನ ಜೊತೆಗೆ ನಿಂತವರಿಗೆ

ದಾವಣಗೆರೆ, ಹರಿಹರ, ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಪ್ರೀತಿಯ ಸಹೋದರ ಸಹೋದರಿಯರಿಗೆ ಯೇಸುವಿನ ಹೆಸರಿನಲ್ಲಿ ವಂದನೆಗಳು.

ಒಬ್ಬರಾದ ಮೇಲೊಬ್ಬರು ಪಾಳಿ ಹಿಡಿದು ಮಾಡಿದ ನಮ್ಮ ಸರಪಳಿ ಪ್ರಾರ್ಥನೆ ಮುಗಿಯಿತು. ಜೊತೆಗೆ ನಿಂತವರಿಗೆ ಕೃತಜ್ಞತೆ ಹೇಳಲು ಈ ಪತ್ರ. ಬೈಬಲಿನಲ್ಲಿ ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿಸಿದ್ದು 52 ದಿನದಲ್ಲಿ. ಆ ಲೆಕ್ಕವನ್ನೇ ಹಿಡಿದಿದ್ದೆವು. ಬೆಳಗಿನ 5ರಿಂದ ರಾತ್ರಿ 9ರವರೆಗೆ ಅರ್ಧರ್ಧ ಗಂಟೆಯ 32 ಪಾಳಿ, ಪಾಳಿಗೆ ಇಬ್ಬರು. ಒಬ್ಬರೇ ಆದರೆ ಮೂರನೇ ವಾರಕ್ಕೆ ಕಣ್ಣು ಎಳೆಯುತ್ತದೆ, ಕೈ ಫೋನಿಗೆ ಹೋಗುತ್ತದೆ.

5ರ ಪಾಳಿ ಹಿಡಿದ ಮಂಡಕ್ಕಿ ಭಟ್ಟಿಯ ಅಕ್ಕಂದಿರಿಗೆ ಮೊದಲ ಕೃತಜ್ಞತೆ. ಲೂಕ 22:31ಕ್ಕೆ ಅವರಿಗಿಂತ ಒಳ್ಳೆಯ ವ್ಯಾಖ್ಯಾನಕಾರರು ಸಿಗಲಾರರು. ಕಾದ ಮರಳಲ್ಲಿ ಅರಳಿದ್ದನ್ನು ಜರಡಿಗೆ ಸುರಿದು ಅಲ್ಲಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಯೇಸುವಿನ ಶಿಷ್ಯ ಸೀಮೋನ ಪೇತ್ರನನ್ನು ಹಾಗೆ ಒನೆಯಲು ಸೈತಾನ ಅಪ್ಪಣೆ ಕೇಳಿದ. ಜರಡಿಯನ್ನೇ ಕಿತ್ತುಕೊಳ್ಳುತ್ತೇನೆ ಎಂದು ಯೇಸು ಹೇಳಲಿಲ್ಲ. ನಿನ್ನ ನಂಬಿಕೆ ಕುಂದದ ಹಾಗೆ ಬೇಡಿಕೊಂಡಿದ್ದೇನೆ ಅಂದನು.

ಯಾರು ಯಾವ ವಚನ ಹೇಳಿದರೂ ಮೇಲೆ ಹತ್ತು, ಕೆಳಗೆ ಹತ್ತು ವಚನ ಓದಿಸದೆ ಬಿಡದ ನಮ್ಮ ಸಭೆಯ ಹಿರಿಯರಿಗೆ ಎರಡನೆಯದು. ಈ ಹಟ ಕೆಲವರಿಗೆ ಬೇಸರ ತಂದದ್ದುಂಟು. ಆದರೆ ಮತ್ತಾಯ 4ರಲ್ಲಿ ಯೇಸುವನ್ನು ಶೋಧಿಸಲು ಸೈತಾನನೂ ವಾಕ್ಯ ಹಿಡಿದೇ ಬರುತ್ತಾನೆ. ಕೀರ್ತನೆ 91ರ ಪಕ್ಕ ಇಟ್ಟು ಬೆರಳಿಟ್ಟು ಓದಿ: 11ನೇ ವಚನದಲ್ಲಿ ‘ನಿನ್ನ ಎಲ್ಲಾ ಮಾರ್ಗಗಳಲ್ಲಿ ಕಾಯಲು’ ಎಂಬರ್ಥದ ತುಂಡಿದೆಯಲ್ಲ, ಅದು ಅವನ ಬಾಯಲ್ಲಿಲ್ಲ. ನಡೆಯುವ ದಾರಿಗೆ ಕೊಟ್ಟ ವಾಗ್ದಾನವನ್ನು ದೇವಾಲಯದ ತುದಿಯಿಂದ ಧುಮುಕುವುದಕ್ಕೆ ಬಳಸಿದ. 12ಕ್ಕೇ ನಿಲ್ಲಿಸಿದ, 13ರಲ್ಲಿ ಸರ್ಪವನ್ನು (ಬೈಬಲಿನಲ್ಲಿ ಸೈತಾನನಿಗೆ ಸರ್ಪವೆಂದೂ ಹೆಸರು) ತುಳಿಯುವ ಮಾತಿದೆ! ಯೇಸುವಿನ ಮೂರೂ ಉತ್ತರ ಧರ್ಮೋಪದೇಶಕಾಂಡದವು: 8:3, 6:16, 6:13. ಮಕ್ಕಳಿಗೆ ಮೂರನ್ನೂ ಬಾಯಿಪಾಠ ಮಾಡಿಸಿದ ಸಂಡೇ ಸ್ಕೂಲ್ ಟೀಚರುಗಳಿಗೂ ವಂದನೆ.

ದೇವರೇ ಹೇಳಿಸಿದ ಮಾತು ಎಂದುಕೊಂಡು ಫೋನಿನಲ್ಲಿ ಬಂದ ‘ಪ್ರವಾದನೆ’ಗಳ ನೋಟ್‌ಬುಕ್ ಇಟ್ಟ ತಂಗಿಯರಿಗೆ ಎಷ್ಟು ಹೇಳಿದರೂ ಕಡಿಮೆ. ನಾಲ್ಕು ಕಲಂ: ಯಾರು, ಯಾವ ದಿನ, ಆಡಿದ ಮಾತು ಆಡಿದ ಹಾಗೆಯೇ, ನಮ್ಮನ್ನು ಏನು ಮಾಡೆಂದು ಕೇಳಿದರು. ಬರೆದಿಡದಿದ್ದರೆ ಹುಸಿಹೋದ ಮಾತಿಗೆ ನಮ್ಮ ನೆನಪೇ ತೇಪೆ ಹಾಕಿಬಿಡುತ್ತದೆ, ಹೇಳಿದ್ದು ನೆರವೇರದಿದ್ದರೆ ಅದು ದೇವರ ಮಾತಲ್ಲ ಎಂಬ ಧರ್ಮೋಪದೇಶಕಾಂಡ 18:22ರ ಪರೀಕ್ಷೆ ಮಾಡಲಾಗುವುದಿಲ್ಲ. ನಾಲ್ಕನೇ ಕಲಮಿನಲ್ಲಿ ದುಡ್ಡು, ಅವಸರ, ‘ಯಾರಿಗೂ ಹೇಳಬೇಡ’ ಈ ಮೂರರಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ ಹಿರಿಯರ ಮುಂದಿಡುವುದು. 1 ಕೊರಿಂಥ 14:29 ಹೇಳುವಂತೆ ಪ್ರವಾದನೆಯನ್ನು ಉಳಿದವರು ವಿವೇಚಿಸಬೇಕು. ವಿವೇಚಿಸಬೇಡಿ ಅನ್ನುವವನ ಮಾತನ್ನು ಇನ್ನಷ್ಟು ವಿವೇಚಿಸಬೇಕು.

ನೆಹೆಮೀಯನಿಗೂ ಅಣಕ, ಬೆದರಿಕೆ ದೊಡ್ಡ ಕಷ್ಟವಾಗಲಿಲ್ಲ. ಗೋಡೆಯ ಕೆಲಸಕ್ಕೆ ವಿರೋಧಿಯಾದ ಸನ್ಬಲ್ಲಟನ ಕಡೆಯವರು ಕೇಡು ಮಾಡಲೆಂದು ಓನೋ ಬಯಲಿಗೆ ನಾಲ್ಕು ಸಲ ಕರೆದರು. ಐದನೇ ಸಲ ಮುಚ್ಚದ ಪತ್ರ ಬಂತು. ನೆಹೆಮೀಯ ಹೋಗಲಿಲ್ಲ. ಆಮೇಲೆ ಶೆಮಾಯನ ಮನೆಗೆ ಹೋದಾಗ ಅವನು ಪ್ರವಾದನೆ ನುಡಿದ: ನಿನ್ನನ್ನು ಕೊಲ್ಲಲು ಬರುತ್ತಾರೆ, ದೇವಾಲಯದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಅಂದ. ಕೇಳುವುದಕ್ಕೆ ಎಷ್ಟು ಭಕ್ತಿಯ ಮಾತು! ಆದರೆ ನೆಹೆಮೀಯ ಯಾಜಕನಲ್ಲ, ಒಳಗೆ ಕಾಲಿಡುವ ಹಕ್ಕು ಅವನಿಗಿಲ್ಲ. ಹೆದರಿಸಿ ಪಾಪಕ್ಕೆ ತಳ್ಳುವ ಮಾತು ದೇವರಿಂದ ಬಂದದ್ದಲ್ಲ ಎಂದು ಅಲ್ಲೇ ಗೊತ್ತುಮಾಡಿಕೊಂಡ. ಶೆಮಾಯನಿಗೆ ಸನ್ಬಲ್ಲಟನ ಕಡೆಯಿಂದ ಹಣ ಸಂದಿತ್ತು.

ಉಪವಾಸದ ದಿನಗಳಲ್ಲಿ ಬಂದು ಕೂತ ಡಾಕ್ಟರಿಗೂ ನರ್ಸಮ್ಮನಿಗೂ ಋಣಿಗಳು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅವರನ್ನು ಕೇಳದೆ ಊಟ ಬಿಡಬಾರದು ಎಂಬುದನ್ನು ಮೊದಲ ದಿನವೇ ಗೋಡೆಗೆ ಅಂಟಿಸಿದರು. ಶುಗರ್ ಇಳಿದಾಗ ಬೆವರು, ನಡುಕ, ಅಡ್ಡಾದಿಡ್ಡಿ ಮಾತು. ಇದನ್ನೇ ದೆವ್ವವೆಂದು ಗದರಿಸುತ್ತಾ ಕೂತರೆ ಜೀವಕ್ಕೇ ಕುತ್ತು. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಸುಮಾರು 15 ಗ್ರಾಂ, ಅಂದರೆ ಮೂರ್ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ. ಪ್ರಾರ್ಥನೆ ಬೇಡವೆಂದಲ್ಲ, ಸಕ್ಕರೆ ಕೊಟ್ಟುಕೊಂಡೇ ಮಾಡಿ.

ಬ್ಯಾಂಕಿನ ತಮ್ಮನಿಗೂ ವಂದನೆ. ಯುಪಿಐನಲ್ಲಿ ‘ಕಾಣಿಕೆ’ ಕಳಿಸಿ ಮೋಸಹೋದವರು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ; ವ್ಯವಹಾರದ 12 ಅಂಕಿಯ ಸಂಖ್ಯೆ ಕೈಯಲ್ಲಿರಲಿ, ನಾಚಿಕೆಯಿಂದ ಮೆಸೇಜು ಅಳಿಸಬೇಡಿ ಎಂದು ಮನೆಮನೆಗೆ ಹೋಗಿ ಹೇಳಿದರು.

ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಯವರು ಬೆಳಗಿನ ಹಾಡಿಗೆ ಬೇಸರಿಸಲಿಲ್ಲ, ಕೊನೆಯ ದಿನ ಮಂಡಕ್ಕಿ ಮಿರ್ಚಿ ಕಳಿಸಿದರು. ಎಫೆಸ 6:12ರಲ್ಲಿ ನಮ್ಮ ಹೋರಾಟ ಮನುಷ್ಯರ ಸಂಗಡವಲ್ಲ ಎಂದಿದೆ. ಈ ವಚನ ಮರೆತು, ಅದೇ ಅಧ್ಯಾಯ ಹೇಳುವ ದೇವರ ಸರ್ವಾಯುಧ ತೊಟ್ಟವರು ನೆರೆಯವರ ಮೇಲೇ ಕತ್ತಿ ಬೀಸುತ್ತಾರೆ.

ಕಡೆಯದಾಗಿ, ದುಡ್ಡು ಕಳೆದುಕೊಂಡಿದ್ದ ಇಬ್ಬರಿಗೆ. ಹೆಸರು ಬರೆಯುವುದಿಲ್ಲ. 19ನೇ ದಿನ ಎಲ್ಲರ ಮುಂದೆ ಎದ್ದು ನಿಂತು, ತಮಗೆ ಬಂದ ಮಾತುಗಳನ್ನು ಒಂದೂ ಬಿಡದೆ ಬರೆಸಿದರು. ಅಲ್ಲಿಯವರೆಗೆ ನೋಟ್‌ಬುಕ್ಕಿನಲ್ಲಿ ತುಂಬಿದ್ದು ಮೂರೇ ಹಾಳೆ. ಆ ವಾರವೇ ಎರಡನೇ ಪುಸ್ತಕ ತರಬೇಕಾಯಿತು.