ಗ್ಲಿಟರ್ ಸ್ಕ್ಯಾನ್ ಆಗುವುದಿಲ್ಲ ಕಣೋ

ಪ್ರಿಯ ಶೇಖರ,

ಮೂರು ವಾರ ನಿನಗೆ ಉತ್ತರ ಬರೆಯದೆ ಈಗ ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಫೋನ್ ಮಾಡಿ ಬೈ. ಇಲ್ಲಿ ಛತ್ರಿ ಮೇಷ್ಟ್ರೂ ಓದುತ್ತಾರೆ, ಗೊತ್ತಲ್ಲ.

ಸಂಡೂರಿನ ಮಕ್ಕಳಿಂದ ಅವರ ಗುಡ್ಡದ ಚಿತ್ರಪುಸ್ತಕ ಮಾಡಿಸಬೇಕು, ಕೆನಡಾದ ಯೆಲ್ಲೋನೈಫಿನ ಮಕ್ಕಳಿಂದ ನಾನು ವಜ್ರದ ಪುಸ್ತಕ ಮಾಡಿಸಿದ್ದು ಹೇಗೆ ಅಂತ ನೀನು ಕೇಳಿದ್ದೆ. ಎಂಟು-ಒಂಬತ್ತು ವರ್ಷದ ಮಕ್ಕಳು. ಹಲವರ ಅಪ್ಪನೋ ಅಮ್ಮನೋ ವಿಮಾನ ಹತ್ತಿ ಹೋಗಿ ಎರಡು ವಾರ ಗಣಿಯಲ್ಲಿರುತ್ತಾರೆ, ಎರಡು ವಾರ ಮನೆಯಲ್ಲಿ. ಹಾಗಾಗಿ ವಜ್ರದ ವ್ಯವಹಾರ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಕಲ್ಲಿನ ಆಕಾರ ಒಂದನ್ನು ಬಿಟ್ಟು. ಎಲ್ಲರೂ ನೆಲದೊಳಗೆ ಉಂಗುರದ ವಜ್ರವನ್ನೇ ಬರೆಯುತ್ತಾರೆ, ಮೇಲೆ ಚಪ್ಪಟೆ, ಕೆಳಗೆ ಚೂಪು. ಅದು ಸಾಣೆ ಹಿಡಿದ ಮೇಲಿನ ರೂಪ. ಹಸಿ ವಜ್ರಕ್ಕೆ ಸಾಮಾನ್ಯವಾಗಿ ಎಂಟು ಮುಖ, ಎರಡು ಪಿರಮಿಡ್ಡುಗಳ ಬುಡಕ್ಕೆ ಬುಡ ಅಂಟಿಸಿದ ಹಾಗೆ. ಮೈಮೇಲೆ ಜಿಡ್ಡು ಸವರಿದಂಥ ಮಂಕು ಹೊಳಪು. ಒಂದೇ ಅಳತೆಯ ಎಂಟು ತ್ರಿಕೋನ ಕತ್ತರಿಸಿ ಅಂಟಿಸಲು ಹೇಳು, ಆಮೇಲೆ ತಪ್ಪು ಬರೆಯುವುದಿಲ್ಲ.

ಎರಡನೇ ತಪ್ಪು ಇದ್ದಿಲಿನದು. ಇದ್ದಿಲು ಅದುಮಿ ಅದುಮಿ ವಜ್ರವಾಯಿತು ಅಂತ ದೊಡ್ಡವರೂ ಹೇಳುತ್ತಾರೆ. ಅಲ್ಲಿನ ವಜ್ರಗಳು ನೂರೈವತ್ತು ಕಿ.ಮೀ.ಗೂ ಆಳದಲ್ಲಿ ಹುಟ್ಟಿದವು, ಭೂಮಿಯ ಮೇಲೆ ಗಿಡಮರ ಅನ್ನುವುದು ಬರುವ ಎಷ್ಟೋ ಮುಂಚೆ. ಅವನ್ನು ಮೇಲೆ ತಂದದ್ದು ಕಿಂಬರ್ಲೈಟ್ ಎನ್ನುವ ಶಿಲಾರಸ, ಸುಮಾರು 5.5 ಕೋಟಿ ವರ್ಷಗಳ ಹಿಂದೆ, ಕೊಳವೆಯಂತೆ ನೆಲ ಸೀಳಿಕೊಂಡು. ಒಂದು ಕೊಳವೆಯಲ್ಲಿ 300 ಮೀಟರಿಗಿಂತ ಆಳದಲ್ಲಿ ಮರದ ತುಂಡು ಸಿಕ್ಕಿತ್ತು. ಮೆಟಾಸೆಕ್ವೋಯಾ, ಕಲ್ಲಾಗದೆ ಇನ್ನೂ ಮರವಾಗಿಯೇ ಇತ್ತು! ಈಗ ಅಲ್ಲಿ ಸುತ್ತ ಒಂದು ಮರವೂ ಇಲ್ಲ; ಮರ ಬೆಳೆಯುವ ಗಡಿ ದಾಟಿದ ಉತ್ತರ ಅದು. ನೆಲದ ಮೇಲೆ ಪೈನ್ ಮರ ಬರೆದವರಿಗೆ ರಬ್ಬರ್ ಕೊಡಬೇಕು, ನೆಲದ ಕೆಳಗೆ ಬರೆದವರಿಗೆ ಭೇಷ್ ಅನ್ನಬೇಕು. ಮಕ್ಕಳಿಗೆ ಇದಕ್ಕಿಂತ ಖುಷಿ ಕೊಟ್ಟ ಪುಟ ಇನ್ನೊಂದಿಲ್ಲ.

ಪುಟದ ಲೆಕ್ಕ. ಎಂಟು ಎ3 ಹಾಳೆ ಮಡಚಿದರೆ 32 ಪುಟ. ಶೀರ್ಷಿಕೆ, ಪ್ರಕಟಣೆಯ ವಿವರ, ಅರ್ಪಣೆಗೆ ಮೊದಲ ಮೂರು, ಕೊನೆಗೆ ಒಂದು ಬಿಟ್ಟರೆ ಉಳಿಯುವುದು 14 ಜೋಡಿಪುಟ. ಮುದ್ರಿಸುವಾಗ ಹಾಳೆಯ ಒಂದೇ ಮಗ್ಗುಲಲ್ಲಿ ಬರುವ ಎರಡು ಪುಟಗಳ ಸಂಖ್ಯೆ ಕೂಡಿದರೆ 33 ಬರಬೇಕು: 32 ಮತ್ತು 1, ಹಿಂಬದಿಗೆ 2 ಮತ್ತು 31, ಹೀಗೆ. ಅಂದರೆ ಎಡಬಲ ಒಂದೇ ಹಾಳೆಯಲ್ಲಿ ಅಖಂಡವಾಗಿ ಸಿಗುವ ಜೋಡಿ 16-17 ಮಾತ್ರ. ಉಳಿದ ಕಡೆ ಎರಡು ಹಾಳೆ ಸೇರುವ ಜಾಗದಲ್ಲಿ ಚಿತ್ರ ಒಂದೆರಡು ಮಿ.ಮೀ. ಮೇಲೆಕೆಳಗಾಗುತ್ತದೆ, ದಿಗಂತದ ಗೆರೆ ಮುರಿದು ಕಾಣುತ್ತದೆ. ಸರೋವರದಂಥ ದೊಡ್ಡ ಚಿತ್ರವನ್ನು 16-17ಕ್ಕೇ ಇಟ್ಟುಕೋ. ಮುಖ, ಅಕ್ಷರ ಯಾವುದೂ ಮಡಿಕೆಯ ಹತ್ತಿರ ಬೇಡ, ಎರಡೂ ಬದಿಗೆ ಒಂದೊಂದು ಸೆಂ.ಮೀ. ಬಿಡು.

ಅಳತೆ ತೋರಿಸುವ ಪುಟಕ್ಕೆ ನಿನ್ನ ಕಡೆಯದೇ ಉಪಾಯ ಬಂತು. ಅಲ್ಲಿನ ಡೈಯಾವಿಕ್ ಎನ್ನುವ ವಜ್ರದ ಗಣಿಯಲ್ಲಿ ಒಂದು ಟನ್ ಕಲ್ಲಿಗೆ ಹೆಚ್ಚುಕಮ್ಮಿ ಮೂರು ಕ್ಯಾರೆಟ್, ಅಂದರೆ 0.6 ಗ್ರಾಂ. ಟನ್ ಅಂದರೆ ಐವತ್ತು ಕೆ.ಜಿ.ಯ ಇಪ್ಪತ್ತು ಮೂಟೆ, 0.6 ಗ್ರಾಂ ಅಂದರೆ ನಮ್ಮ ಅಕ್ಕಸಾಲಿಗರ ತಕ್ಕಡಿಯ ಐದು ಗುಲಗಂಜಿ. ಎಡಪುಟದಲ್ಲಿ ಮೂಟೆಗಳು, ಬಲಪುಟ ಪೂರ್ತಿ ಖಾಲಿ, ಮೂಲೆಯಲ್ಲಿ ಐದು ಕೆಂಪು ಚುಕ್ಕೆ. ಸಂಡೂರಿನ ಅದಿರಿಗೆ ಈ ಪುಟ ತಲೆಕೆಳಗಾಗುತ್ತದೆ, ಯೋಚಿಸು.

ಹಿಮದ ರಸ್ತೆಗೆ ಎರಡು ಜೋಡಿ ಬೇಕೇ ಬೇಕು. ಗಣಿಗೆ ಹೋಗುವ ಟಿಬ್ಬಿಟ್-ಕಾಂಟ್ವಾಯ್ಟೋ ರಸ್ತೆ ಬಹುಪಾಲು ಹೆಪ್ಪುಗಟ್ಟಿದ ಕೆರೆಗಳ ಮೇಲೆಯೇ ಹೋಗುತ್ತದೆ. ವರ್ಷಕ್ಕೆ ಎರಡು ತಿಂಗಳ ಆಸುಪಾಸು ಮಾತ್ರ ತೆರೆದಿರುತ್ತದೆ. ಗಣಿಗೆ ವರ್ಷವಿಡೀ ಬೇಕಾದ ಡೀಸೆಲ್ಲು, ಸಿಮೆಂಟು ಅಷ್ಟರಲ್ಲೇ ಸಾಗಬೇಕು. 2006ರ ಚಳಿಗಾಲ ಕೈಕೊಟ್ಟಾಗ ಉಳಿದದ್ದನ್ನು ವಿಮಾನದಲ್ಲಿ ಹೊತ್ತರು. ಮಕ್ಕಳು ರಸ್ತೆಯನ್ನು ಬೆಳ್ಳಗೆ ಬಿಡುತ್ತಾರೆ, ಅದೂ ತಪ್ಪು. ಹಿಮ ಕಂಬಳಿಯಿದ್ದ ಹಾಗೆ, ಹೊದ್ದುಕೊಂಡರೆ ಕೆಳಗಿನ ಮಂಜುಗಡ್ಡೆ ದಪ್ಪವಾಗುವುದಿಲ್ಲ. ಅದಕ್ಕೇ ಗುಡಿಸುತ್ತಾರೆ, ಗುಡಿಸಿದ ಕಡೆ ಕಡುನೀಲಿ ಕಾಣುತ್ತದೆ. ತುಂಬಿದ ಲಾರಿಗೆ ಗಂಟೆಗೆ 25 ಕಿ.ಮೀ. ಮಿತಿ. ಲಾರಿಯ ಭಾರಕ್ಕೆ ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ಜೋರಾಗಿ ಹೋದರೆ ಅದೇ ಅಲೆ ದಡದ ಹತ್ತಿರ ಗಡ್ಡೆಯನ್ನು ಒಡೆಯುತ್ತದೆ. ಲಾರಿಯ ಕೆಳಗೆ ಅಲೆ ಬರೆಸು, ಚಿತ್ರ ತಾನಾಗಿ ಮಾತಾಡುತ್ತದೆ.

ಮಂಜುಗಡ್ಡೆ ಮಾಡುವುದು ಸುಲಭ. ಮೊದಲು ಬಿಳಿ ಮೇಣದ ಕ್ರೇಯಾನಿನಲ್ಲಿ ಬಿರುಕು ಎಳೆಯಬೇಕು, ಮೇಲೆ ನೀಲಿ ಜಲವರ್ಣ ಹಚ್ಚಬೇಕು, ಒದ್ದೆಯ ಮಿರುಗು ಇನ್ನೂ ಇರುವಾಗಲೇ ಪುಡಿ ಉಪ್ಪು ಉದುರಿಸಬೇಕು. ನೀರು ಹೆಚ್ಚಿದ್ದರೆ ಉಪ್ಪು ಕರಗಿಹೋಗುತ್ತದೆ, ಒಣಗಿದ್ದರೆ ಏನೂ ಆಗುವುದಿಲ್ಲ. ಪೂರ್ತಿ ಆರಿದ ಮೇಲೆ ಉಪ್ಪು ಕೊಡವು, ಇಲ್ಲದಿದ್ದರೆ ಸ್ಕ್ಯಾನರಿನ ಗಾಜು ಗೀಚುತ್ತದೆ. ಅಕ್ವೇರಿಯಂ ಪ್ರಸಂಗದ ನಂತರ ನಿನಗೆ ಗಾಜಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಮತ್ತೆ ಗ್ಲಿಟರ್. ವಜ್ರಕ್ಕೆ ಗ್ಲಿಟರ್ ಅಂಟಿಸಿಯೇ ತೀರುತ್ತಾರೆ. ಸ್ಕ್ಯಾನರಿನ ಬೆಳಕು ಓರೆಯಾಗಿ ಬಿದ್ದು ಎತ್ತಲೋ ಚಿಮ್ಮುತ್ತದೆ, ಪುಟದಲ್ಲಿ ಬೂದಿ ಚೆಲ್ಲಿದಂತೆ ಕರಿ ಚುಕ್ಕೆಗಳು ಬರುತ್ತವೆ. ಕಲ್ಲಿನ ಪುಟವನ್ನು ಮೊದಲು ಗ್ಲಿಟರ್ ಇಲ್ಲದೆ 300 ಡಿಪಿಐಗೆ ಸ್ಕ್ಯಾನ್ ಮಾಡಿಕೊಂಡು, ಮೂಲಕ್ಕೆ ಆಮೇಲೆ ಎಷ್ಟು ಬೇಕಾದರೂ ಸುರಿಯಲು ಬಿಡು.

ಈಗ 16-17. ಡೈಯಾವಿಕ್‌ನ ಕೊಳವೆಗಳು ಇದ್ದದ್ದು ಲಾಕ್ ದ ಗ್ರಾ ಸರೋವರದ ಅಡಿಯಲ್ಲಿ. ನೀರಿನೊಳಗೇ ಕಲ್ಲಿನ ಒಡ್ಡು ಕಟ್ಟಿದರು, ಮೊದಲನೆಯದು 3.9 ಕಿ.ಮೀ. ಉದ್ದ. ಒಳಗೆ ಸಿಕ್ಕಿಕೊಂಡ ಮೀನುಗಳನ್ನು ಬಲೆ ಹಾಕಿ ತೆಗೆದರು, ನೀರು ಎತ್ತಿ ಹಾಕಿದರು, ಆಮೇಲೆ ಅಗೆದರು. 2003ರಲ್ಲಿ ವಜ್ರ ಬರತೊಡಗಿತು. ಗಣಿ ಮುಗಿದ ಮೇಲೆ ಗುಂಡಿಗೆ ಮತ್ತೆ ನೀರು ತುಂಬಿ, ನೀರು ಚೊಕ್ಕವಿದ್ದರೆ ಒಡ್ಡು ಒಡೆದು ಸರೋವರಕ್ಕೆ ಸೇರಿಸುವ ಯೋಜನೆ. ಅಲ್ಲಿನ ಮೂಲನಿವಾಸಿಗಳಾದ ತ್ಲಿಚೋ ಜನ ಈ ಸರೋವರಕ್ಕೆ ಏಕಾತಿ ಅನ್ನುತ್ತಾರೆ, ಕೊಬ್ಬಿನ ಸರೋವರ. ಬಂಡೆಯೊಳಗಿನ ಬಿಳಿ ಸ್ಫಟಿಕದ ಪಟ್ಟಿ ಕಾರಿಬೂ ಜಿಂಕೆಯ ಕೊಬ್ಬಿನ ಹಾಗೆ ಕಂಡದ್ದಕ್ಕೆ. ಆ ಕಾರಿಬೂಗಳ ಬಾಥರ್ಸ್ಟ್ ಹಿಂಡು 1986ರಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚಿತ್ತು, 2021ರ ಎಣಿಕೆಯಲ್ಲಿ ಆರು ಸಾವಿರದ ಚಿಲ್ಲರೆ. ಕಾರಣ ಗಣಿಯೊಂದೇ ಅಲ್ಲ, ಹಲವು. ಮಕ್ಕಳ ಪುಸ್ತಕದಲ್ಲಿ ಹಲವು ಕಾರಣಗಳಿಗೆ ಜಾಗ ಇರುವುದಿಲ್ಲ ಅಂತ ನಾವು ದೊಡ್ಡವರು ಬೇಗ ತೀರ್ಮಾನಿಸಿಬಿಡುತ್ತೇವೆ.

ಒಂದು ಹುಡುಗಿ ಒಡ್ಡಿನ ಚಿತ್ರದ ಕೆಳಗೆ ಬರೆದಿದ್ದಳು: ‘ಮೀನುಗಳು ವಾಪಸ್ ಬರುತ್ತವೆ?’

ಪ್ರಶ್ನಾರ್ಥಕ ಚಿಹ್ನೆಯನ್ನು ನಾನು ಬಿಳಿ ಇಂಕಿನಿಂದ ಒರೆಸಿ ಚುಕ್ಕೆ ಇಟ್ಟೆ, ಶೇಖರ. ಅವಳನ್ನು ಕೇಳಲಿಲ್ಲ. ವಾಕ್ಯ ಪೂರ್ತಿಯಾಗಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಗಣಿಯಲ್ಲಿ ದುಡಿಯುವ ಅಪ್ಪ ಅಮ್ಮ ಓದುತ್ತಾರೆ, ಯಾರಿಗೂ ಇರುಸುಮುರುಸು ಬೇಡ ಅನ್ನುವುದು ನಿಜವಾದ ಕಾರಣ. ಅವಳಿಗೆ ಗೊತ್ತಿರಲಿಲ್ಲ, ಕೇಳಿದ್ದಳು. ನನಗೂ ಗೊತ್ತಿಲ್ಲ, ಆದರೂ ಉತ್ತರ ಬರೆದುಬಿಟ್ಟೆ. ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ.

ಸ್ಕ್ಯಾನರ್ ಮಾತ್ರ ಬಿಡಲಿಲ್ಲ. ಕಾಗದ ಕೆನೆ ಬಣ್ಣದ್ದು, ಬಿಳಿ ಇಂಕು ಅದಕ್ಕಿಂತ ಬಿಳಿ. ಸ್ಕ್ಯಾನಿನಲ್ಲಿ ಆ ಜಾಗ ನೀಲಿ ತೇಪೆಯ ಹಾಗೆ ಎದ್ದು ಕಾಣುತ್ತದೆ. ತಿದ್ದುವುದಿದ್ದರೆ ಅದೇ ಕಾಗದದ ಚೂರು ಅಂಟಿಸಿ ತಿದ್ದು, ಇದು ತಾಂತ್ರಿಕ ಸಲಹೆ, ಬೇರೆ ಅರ್ಥ ಹುಡುಕಬೇಡ. ಅವಳ ಕೈಯಲ್ಲೇ ಇನ್ನೊಂದು ಸಲ ಬರೆಸಿದ್ದೇನೆ. ಈ ಸಲ ಎರಡು ಪ್ರಶ್ನಾರ್ಥಕ ಹಾಕಿದ್ದಾಳೆ, ಬಡ್ಡಿ ಸಮೇತ.

ಹೊಲಿಗೆ ಬೇಗ ಹೇಳುತ್ತೇನೆ. ಹಾಳೆ ಯಾವ ಕಡೆಗೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ಮಡಿಕೆ ಇರಬೇಕು, ಇಲ್ಲದಿದ್ದರೆ ಬೆನ್ನು ಬಿರಿಯುತ್ತದೆ. ಮೂರು ತೂತು, ಬೆನ್ನಿನ ಮೂರರಷ್ಟು ದಾರ. ನಡುವಿನ ತೂತಿನಿಂದ ಹೊರಗೆ, ಮೇಲಿನದರಿಂದ ಒಳಗೆ, ನಡುವಿನದನ್ನು ದಾಟಿ ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನದರಿಂದ ಒಳಗೆ; ಉದ್ದ ದಾರದ ಎರಡು ಪಕ್ಕಕ್ಕೂ ಒಂದೊಂದು ತುದಿ ಬಿಟ್ಟು ಗಂಟು. ಒಳಗಿನ ಹಾಳೆಗಳು ಒಂದೆರಡು ಮಿ.ಮೀ. ಹೊರಗೆ ಚಾಚಿಕೊಳ್ಳುತ್ತವೆ, ಅಂಚು ಕೊನೆಗೆ ಕತ್ತರಿಸು. ಆ ಗಂಟು ಬಂದು ಕೂರುವುದು 16-17ರ ನಡುವೆ, ಸರಿಯಾಗಿ ಒಡ್ಡಿನ ಮೇಲೆ. ಬೇಕಂತ ಮಾಡಿದ್ದಲ್ಲ ಮಾರಾಯ.

ಗುಲಗಂಜಿಯ ಫೋಟೋ ಕಳಿಸು, ಕಾಳು ಬೇಡ. ವಿಷದ ಕಾಳು, ಮಕ್ಕಳು ಬಾಯಿಗೆ ಹಾಕಿಕೊಂಡರೆ ಕಷ್ಟ. ನಿನ್ನ ಕೈಗೂ ಸಿಗದ ಹಾಗಿಡು, ಹುಣಸೆಬೀಜದ ಕಥೆ ನಾನಿನ್ನೂ ಮರೆತಿಲ್ಲ.

ನಿನ್ನ,
ಬಿಳಿ ಇಂಕು